ಶ್ಪಿಟ್ಸ್‌ನಲ್ಲಿ ಉಳಿದು ವಾಖೌ ಕಣಿವೆ ನಡೆದದ್ದು: ನನ್ನ ಅನುಭವ

ವಿಯೆನ್ನಾಕ್ಕೆ ಬರುವ ನಮ್ಮವರು ತಪ್ಪದೆ ಕೇಳುವ ಪ್ರಶ್ನೆ ಇದು: "ಡಾನ್ಯೂಬ್ ಕಣಿವೆ ಒಂದೇ ದಿನದಲ್ಲಿ ಮುಗಿಸಬಹುದಾ?" ಮುಗಿಸಬಹುದು. ಬೆಳಿಗ್ಗೆ ಮೆಲ್ಕ್ ಮಠ, ಮಧ್ಯಾಹ್ನ ಹಡಗು, ಸಂಜೆ ಡ್ಯುರ್ನ್‌ಸ್ಟೈನ್‌ನ ನೀಲಿ ಗೋಪುರದ ಮುಂದೆ ಒಂದು ಫೋಟೊ, ರಾತ್ರಿ ಊಟಕ್ಕೆ ವಾಪಸ್ ವಿಯೆನ್ನಾ. ನೋಡಿದರೆ ಸಾಕು ಅನ್ನುವವರಿಗೆ ಇದು ಸಾಕು. ಕಾಲಿಗೆ ಕೆಲಸ ಕೊಡುವ ಆಸೆ ಇದ್ದವರಿಗೆ ನಾನು ಹೇಳುವುದೇ ಬೇರೆ: ನಡುವೆ ಶ್ಪಿಟ್ಸ್ ಅಂತ ಒಂದು ಪುಟ್ಟ ಪೇಟೆ ಇದೆ, ಅಲ್ಲಿ ರೂಮು ಮಾಡಿ.

ಮೆಲ್ಕ್‌ನಿಂದ ಕ್ರೆಮ್ಸ್ ತನಕ ಸುಮಾರು 36 ಕಿ.ಮೀ. ಉದ್ದದ ಈ ಕಣಿವೆಗೆ ವಾಖೌ ಅಂತ ಹೆಸರು. ಯುನೆಸ್ಕೊ 2000ದಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡ್ಯುರ್ನ್‌ಸ್ಟೈನ್ ಹೆಸರುವಾಸಿ ಆಗಿರುವುದು ಇಂಗ್ಲೆಂಡಿನ ರಾಜ ರಿಚರ್ಡ್‌ನಿಂದ. ಧರ್ಮಯುದ್ಧ ಮುಗಿಸಿ ಮನೆಗೆ ಹೊರಟವನನ್ನು ಆಸ್ಟ್ರಿಯಾದ ಡ್ಯೂಕ್ ಲಿಯೋಪೋಲ್ಡ್ ಹಿಡಿದು, 1192-93ರ ಚಳಿಗಾಲದಲ್ಲಿ ಅಲ್ಲಿನ ಕೋಟೆಯಲ್ಲಿ ಕೂಡಿಹಾಕಿದ್ದ. ಕೋಟೆ ಚೆನ್ನಾಗಿದೆ, ಹತ್ತಬೇಡಿ ಅನ್ನಲ್ಲ. ಆದರೆ ಹಡಗು ಬಂದು ನಿಂತ ಹೊತ್ತಲ್ಲಿ ಅಲ್ಲಿನ ಬೀದಿಯಲ್ಲಿ ಹೆಜ್ಜೆ ಇಡೋಕೆ ಜಾಗ ಇರಲ್ಲ. ಶ್ಪಿಟ್ಸ್‌ನಲ್ಲಿ ಆ ಗಲಾಟೆ ಇಲ್ಲ. ರೂಮಿನ ಬಾಗಿಲು ದಾಟಿದರೆ ಬೆಟ್ಟದ ದಾರಿ, ಕೆಳಗೆ ರೈಲು, ಅದರಾಚೆ ನದಿ ದಾಟಿಸುವ ದೋಣಿ. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ.

ಹೋಗೋದು ಸುಲಭ. ವಿಯೆನ್ನಾದ ಫ್ರಾನ್ಸ್-ಯೋಸೆಫ್ಸ್ ಸ್ಟೇಷನ್‌ನಿಂದ ಕ್ರೆಮ್ಸ್‌ಗೆ ಹೆಚ್ಚುಕಡಿಮೆ ಒಂದು ಗಂಟೆಯ ರೈಲು, ಅಲ್ಲಿಂದ ಬಸ್ಸು. ಪ್ರವಾಸದ ಸೀಸನ್ನಿನಲ್ಲಿ ಕ್ರೆಮ್ಸ್‌ನಿಂದ ವಾಖೌ ರೈಲೂ ಓಡುತ್ತದೆ. 1909ರ ಹಳೇ ಲೈನು ಅದು, ದ್ರಾಕ್ಷಿ ತೋಟಗಳ ನಡುವೆಯೇ ಹೋಗುತ್ತದೆ. ಹೋಗುವಾಗ ರೈಲು ಹಿಡಿಯಿರಿ, ನದಿಯ ಕಡೆಯ ಸೀಟು ಸಿಕ್ಕರೆ ಬಿಡಬೇಡಿ.

ನನ್ನ ಕ್ರಮ ಹೀಗೆ: ಊರೊಳಗೆ ಸುತ್ತುವ ಮೊದಲು ಮೇಲೆ ಹತ್ತುವುದು. ಪೇಟೆಯ ಪಶ್ಚಿಮದ ತುದಿಯಲ್ಲಿ, ಬಂಡೆಯ ಮೇಲೆ ಹಿಂಟರ್‌ಹೌಸ್ ಅನ್ನುವ ಪಾಳುಕೋಟೆ ಇದೆ. ಏರು ಕಡಿದು, ಆದರೆ ದೂರ ಇಲ್ಲ. ಟಿಕೆಟ್ಟಿಲ್ಲ, ಗೇಟಿಲ್ಲ, ಕೌಂಟರಿಲ್ಲ. ಮೇಲೆ ನಿಂತು ನೋಡಿದಾಗ ಇಡೀ ಊರಿನ ಲೆಕ್ಕಾಚಾರ ಅರ್ಥವಾಗುತ್ತದೆ. ಎದುರಿಗೆ, ಮನೆಗಳ ನಡುವೆಯೇ ಎದ್ದು ನಿಂತಿರುವ ಗುಡ್ಡ ಟೌಸೆಂಡ್‌ಐಮರ್‌ಬೆರ್ಗ್. ಒಳ್ಳೆ ವರ್ಷದಲ್ಲಿ ಸಾವಿರ ಕೊಡ ವೈನ್ ಕೊಡುವ ಗುಡ್ಡ ಅಂತ ಊರವರ ಮಾತು. ಅಲ್ಲಿನ ಹಳೇ ಅಳತೆಯ ಒಂದು ಕೊಡ ಅಂದರೆ ಸುಮಾರು 56 ಲೀಟರ್. ಕೆಳಗಿನಿಂದ ತುದಿಯವರೆಗೂ ಬರೀ ದ್ರಾಕ್ಷಿ.

ಕೋಟೆಯಿಂದ ಇಳಿದು, ಊರು ದಾಟಿ, ಆ ಕಡೆ ರೋಟೆಸ್ ಟೋರ್ ಅನ್ನುವ ಕೆಂಪು ಬಾಗಿಲಿಗೆ ಹತ್ತಬೇಕು. ಹಳೇ ಗೋಡೆಯಲ್ಲಿ ಉಳಿದ ಒಂದು ಕಮಾನು, ಅಷ್ಟೇ. 1645ರಲ್ಲಿ ಸ್ವೀಡನ್ನಿನ ಸೈನ್ಯ ಬಂದಾಗ ಹರಿದ ರಕ್ತದಿಂದ ಅದಕ್ಕೆ ಕೆಂಪು ಹತ್ತಿತು ಅನ್ನುವ ಕತೆ ಇದೆ. ಕತೆ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ಕಮಾನಿನ ಚೌಕಟ್ಟಲ್ಲಿ ಕಾಣುವ ನದಿಯಂತೂ ಸುಳ್ಳಲ್ಲ. ವಾಖೌವನ್ನು ಎರಡೂ ದಂಡೆಗಳಲ್ಲಿ ಸುತ್ತಿ ಬರುವ 180 ಕಿ.ಮೀ.ಯ ದೊಡ್ಡ ಚಾರಣದ ದಾರಿ ವೆಲ್ಟ್‌ಎರ್ಬೆಸ್ಟೈಗ್ ಕೂಡ ಶ್ಪಿಟ್ಸ್ ಮೂಲಕವೇ ಹಾಯುತ್ತದೆ. ಅದರಲ್ಲಿ 14 ಹಂತಗಳಿವೆ. ಪೂರ್ತಿ ನಡೆಯೋಕೆ ನನಗೆ ರಜೆಯೂ ಇಲ್ಲ, ಆಸೆಯೂ ಇಲ್ಲ. ಬೇಕಾದ ತುಂಡು ಆರಿಸಿ ನಡೆಯುತ್ತೇನೆ. ಹಳದಿ ಫಲಕಗಳ ಮೇಲೆ ಕಿಲೋಮೀಟರಿನ ಬದಲು ಗಂಟೆ ಬರೆದಿರುತ್ತದೆ. ಅದು ಚುರುಕಾಗಿ ನಡೆಯುವವರ ಲೆಕ್ಕ. ಅಮ್ಮನ ಜೊತೆ ಹೋದಾಗ ಅದಕ್ಕೆ ಅರ್ಧ ಸೇರಿಸಿಕೊಂಡೆ, ಸರಿಹೋಯಿತು. ಮರ, ಬಂಡೆಗಳ ಮೇಲಿನ ಕೆಂಪು-ಬಿಳಿ-ಕೆಂಪು ಪಟ್ಟಿ ಹಿಡಿದು ಹೋದರೆ ದಾರಿ ತಪ್ಪಲ್ಲ.

ಈ ದಾರಿಯಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಕೋಟೆಯ ಮುಂದೆ ಅಲ್ಲ, ಗೋಡೆಗಳ ಮುಂದೆ. ಇಡೀ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ನಿಲ್ಲಿಸಿರುವುದು ಈ ಕಲ್ಲುಗೋಡೆಗಳೇ. ಗಾರೆ ಇಲ್ಲ, ಸಿಮೆಂಟಿಲ್ಲ, ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದು. ಹತ್ತಿರ ಹೋಗಿ ನೋಡಿ. ದೊಡ್ಡ ಕಲ್ಲು ಬುಡದಲ್ಲಿ. ಎರಡು ಕಲ್ಲಿನ ಸಂದು ಬರುವ ಜಾಗದ ಮೇಲೆ ಮೂರನೇ ಕಲ್ಲು. ಇಡೀ ಗೋಡೆ ಸ್ವಲ್ಪ ಬೆಟ್ಟದ ಕಡೆಗೇ ವಾಲಿರುತ್ತದೆ. ಮಳೆ ನೀರು ಸಂದಿಯಿಂದ ಹೊರಗೆ ಹೋಗುವುದರಿಂದ ಹಿಂದಿನ ಮಣ್ಣು ಉಬ್ಬಿ ಗೋಡೆಯನ್ನು ತಳ್ಳುವುದಿಲ್ಲ. ಹಗಲು ಕುಡಿದ ಬಿಸಿಲನ್ನು ಕಲ್ಲು ರಾತ್ರಿ ಬಿಡುತ್ತದೆ, ಬಳ್ಳಿಗೆ ಬೆಚ್ಚಗಾಗುತ್ತದೆ. ಸಂಜೆ ಏಳರ ಮೇಲೆ ಒಂದು ಗೋಡೆಗೆ ಅಂಗೈ ಒತ್ತಿ ನೋಡಿ, ಗೊತ್ತಾಗುತ್ತದೆ. ಗಾರೆಯಿಲ್ಲದ ಗೋಡೆ ಕಟ್ಟುವ ಈ ಕಸುಬನ್ನು ಯುನೆಸ್ಕೊ 2018ರಲ್ಲೇ ಪಟ್ಟಿಗೆ ಸೇರಿಸಿತ್ತು, ಆಸ್ಟ್ರಿಯಾದ ಹೆಸರು ಅದರಲ್ಲಿ ಬಂದದ್ದು 2024ರಲ್ಲಿ.

ಸಂದಿಗಳಲ್ಲಿ ಹಸಿರು ಹಲ್ಲಿ ಇದೆ, ಗಂಡಿಗೆ ಗಂಟಲು ನೀಲಿ. ಇಲ್ಲಿನ ವೈನಿನ ಅತ್ಯುತ್ತಮ ದರ್ಜೆಗೆ ಇದೇ ಹಲ್ಲಿಯ ಹೆಸರಿಟ್ಟಿದ್ದಾರೆ: ಸ್ಮಾರಗ್ಡ್. ಹಲ್ಲಿ ನೋಡಬೇಕಾದರೆ ಸುಮ್ನೆ ನಿಲ್ಲಬೇಕು, ಫೋನ್ ತೆಗೆದ ಕೂಡಲೇ ಮಾಯ. ಇಷ್ಟು ಕಿರಿದಾದ ಪಟ್ಟೆಗಳಿಗೆ ದೊಡ್ಡ ಯಂತ್ರ ಹತ್ತಲ್ಲ, ಹಾಗಾಗಿ ಕೊಯ್ಲು ಕೈಯಲ್ಲೇ. ಶರತ್ಕಾಲದಲ್ಲಿ ಹೋದರೆ ಕೊಯ್ಯುವವರಿಗೆ ದಾರಿ ಬಿಡಿ, "ಗ್ರ್ಯೂಸ್ ಗಾಟ್" ಅನ್ನಿ. ಬಳ್ಳಿಗೆ ಕೈ ಹಾಕಬೇಡಿ. ನಮ್ಮ ಅಡಿಕೆ ತೋಟಕ್ಕೆ ಯಾರೋ ನುಗ್ಗಿ ಗೊನೆ ಮುಟ್ಟಿದರೆ ನಾವು ಬಿಡ್ತೀವಾ?

ಇನ್ನು ದೋಣಿ. ಶ್ಪಿಟ್ಸ್‌ನಿಂದ ಎದುರು ದಂಡೆಯ ಆರ್ನ್ಸ್‌ಡೋರ್ಫ್‌ಗೆ ಜನ, ಸೈಕಲ್ಲು, ಒಂದಿಷ್ಟು ಕಾರು ಎಲ್ಲವನ್ನೂ ದಾಟಿಸುತ್ತದೆ. ನಡುನೀರಿಗೆ ಬಂದ ಮೇಲೆ ಅಮ್ಮ ಕೇಳಿದರು: "ಇಂಜಿನ್ ಸದ್ದೇ ಇಲ್ವಲ್ಲೋ, ಕೆಟ್ಟು ನಿಂತಿತೇನೋ?" ಅದಕ್ಕೆ ಇಂಜಿನ್ನೇ ಇಲ್ಲ. ನದಿಯ ಆಚೆಯಿಂದ ಈಚೆಗೆ, ತಲೆಯ ಮೇಲೆ ಎತ್ತರದಲ್ಲಿ ಉಕ್ಕಿನ ಹಗ್ಗ ಎಳೆದಿದ್ದಾರೆ. ಅದರ ಮೇಲೆ ಉರುಳುವ ಗಾಲಿಗೆ ದೋಣಿಯನ್ನು ಕಟ್ಟಿರುತ್ತಾರೆ. ದೋಣಿಯವರು ಚುಕ್ಕಾಣಿ ತಿರುಗಿಸಿ ದೋಣಿಯನ್ನು ಹರಿವಿಗೆ ಓರೆಯಾಗಿ ನಿಲ್ಲಿಸುತ್ತಾರೆ. ನೀರು ಕೆಳಕ್ಕೆ ತಳ್ಳುತ್ತದೆ, ಹಗ್ಗ ಬಿಡುವುದಿಲ್ಲ, ಹಾಗಾಗಿ ದೋಣಿ ಪಕ್ಕಕ್ಕೆ ಜಾರುತ್ತದೆ. ವಾಪಸ್ ಬರುವಾಗ ಓರೆ ಆ ಕಡೆಗೆ. ಇಷ್ಟು ವಿವರಿಸಿದ ಮೇಲೂ ಅಮ್ಮ ಮೇಲಿನ ಗಾಲಿಯಿಂದ ಕಣ್ಣು ತೆಗೆಯಲಿಲ್ಲ. ತುಂಗೆಯ ದಡದಲ್ಲಿ ಹುಟ್ಟು ಹಾಕುವ ದೋಣಿ ನೋಡಿ ಬೆಳೆದವರು, ದುಡಿಯುವವರೇ ಇಲ್ಲದೆ ದೋಣಿ ಹೋಗುವುದು ಅವರಿಗೆ ಸರಿ ಕಾಣಲಿಲ್ಲ. ನೆರೆ ಬಂದಾಗ ದೋಣಿ ನಿಲ್ಲುತ್ತದೆ, ಸಂಜೆ ಕೊನೆಯ ಸರದಿಯೂ ಬೇಗ. ದಾಟುವ ಮೊದಲೇ ಸಮಯದ ಬೋರ್ಡ್ ಓದಿಕೊಳ್ಳಿ, ಈ ಜಾಗದಲ್ಲಿ ಸೇತುವೆ ಇಲ್ಲ.

ಆರ್ನ್ಸ್‌ಡೋರ್ಫ್ ಕಡೆ ಏಪ್ರಿಕಾಟ್ ತೋಟಗಳು. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಹೂವು, ಜುಲೈನಲ್ಲಿ ಹಣ್ಣು. ನದಿ ದಂಡೆಯ ದಾರಿ ಸಪಾಟು, ಮಂಡಿ ನೋವಿನವರೂ ಆರಾಮಾಗಿ ನಡೆಯಬಹುದು. ಆದರೆ ಅದು ಸೈಕಲ್ ದಾರಿಯೂ ಹೌದು, ಹಿಂದಿನಿಂದ ಗಂಟೆ ಕೇಳಿದರೆ ಪಕ್ಕಕ್ಕೆ ಸರಿಯಿರಿ. ಕೆಳಗೆ ಬಾಖ್‌ಆರ್ನ್ಸ್‌ಡೋರ್ಫ್‌ನಲ್ಲಿ ರೋಮನ್ನರ ಕಾವಲು ಗೋಪುರದ ಗೋಡೆಯೊಂದು ಮನೆಗಳಿಗೆ ಅಂಟಿಕೊಂಡೇ ನಿಂತಿದೆ. ಆಗ ಡಾನ್ಯೂಬೇ ರೋಮ್ ಸಾಮ್ರಾಜ್ಯದ ಗಡಿ. ಈ ದಂಡೆ ಒಳಗೆ, ಶ್ಪಿಟ್ಸ್ ಹೊರಗೆ.

ಹೊಟ್ಟೆಯ ವಿಷಯಕ್ಕೆ ಬಂದರೆ, ಹೊಯ್ರಿಗರ್‌ಗಳು ದ್ರಾಕ್ಷಿ ಬೆಳೆಯುವವರೇ ತಮ್ಮ ಅಂಗಳದಲ್ಲಿ ನಡೆಸುವ ವೈನ್ ಅಂಗಡಿಗಳು. ವರ್ಷದಲ್ಲಿ ಕೆಲವೇ ವಾರ ಸರದಿಯಲ್ಲಿ ತೆರೆಯುತ್ತಾರೆ. ಬಾಗಿಲಲ್ಲಿ ಹಸಿರು ಕೊಂಬೆ ಸಿಕ್ಕಿಸಿದ್ದರೆ ತೆರೆದಿದೆ ಅಂತ. ಊಟ ಹೆಚ್ಚಾಗಿ ತಣ್ಣಗಿನದು, ಅದರಲ್ಲೂ ಮಾಂಸವೇ ಜಾಸ್ತಿ. ಸಸ್ಯಾಹಾರಿಗಳಿಗೆ ಬ್ರೆಡ್ಡು, ಚೀಸು, ಕೆಂಪು ಬಣ್ಣದ ಲಿಪ್ಟೌವರ್ ಅನ್ನುವ ಚೀಸ್ ಚಟ್ನಿ ಸಿಗುತ್ತದೆ. ವೈನ್ ಬೇಡವಾದರೆ ದ್ರಾಕ್ಷಿ ರಸ ಕೇಳಿ, ಮುಖ ತಿರುಗಿಸುವವರಿಲ್ಲ. ಜುಲೈನಲ್ಲಿ ಹೋದರೆ ಮರಿಲ್ಲೆನ್‌ಕ್ನ್ಯೋಡೆಲ್ ಬಿಡಬಾರದು. ಇಡೀ ಏಪ್ರಿಕಾಟನ್ನು ಹಿಟ್ಟಿನೊಳಗೆ ಮುಚ್ಚಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ನಮ್ಮ ಸಿಹಿ ಕಡುಬಿನ ದೂರದ ನೆಂಟ ಅನ್ನಬಹುದು. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ತಿನ್ನದವರು ಮೊದಲೇ ವಿಚಾರಿಸಿ. ಭಾನುವಾರ ದಿನಸಿ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಮೊಸರು, ಹಣ್ಣು ತಂದಿಟ್ಟುಕೊಳ್ಳಿ. ನಾನು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗುವವನು.

ಒಂದು ಎಚ್ಚರಿಕೆ, ಇದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಉಣುಗು. ಹುಲ್ಲು, ಕಾಡಂಚಿನ ದಾರಿಯಲ್ಲಿ ಕಾಲಿಗೆ ಹತ್ತುತ್ತವೆ. ಇಲ್ಲಿನ ಉಣುಗಿನಿಂದ ಮೆದುಳಿಗೆ ಬರುವ ಜ್ವರದ ವೈರಸ್ಸೂ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಗುಂಪಿನವು. ಆಸ್ಟ್ರಿಯಾದಲ್ಲಿ ಈ ಮೆದುಳಿನ ಜ್ವರಕ್ಕೆ ಲಸಿಕೆ ಹಾಕಿಸಿಕೊಳ್ಳುವುದು ಮಾಮೂಲಿ. ಇಲ್ಲೇ ವಾಸ ಇರುವವರು ಡಾಕ್ಟರ್ ಹತ್ತಿರ ಕೇಳಿ ಹಾಕಿಸಿಕೊಳ್ಳಿ. ಉದ್ದ ಪ್ಯಾಂಟು ಹಾಕಿ, ರೂಮಿಗೆ ಬಂದ ಮೇಲೆ ಮಂಡಿ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ.

ಸಪಾಟು ದಾರಿಯೇ ಬೇಕು ಅನ್ನುವ ದಿನಕ್ಕೆ ಎರಡು ದಿಕ್ಕು ಇವೆ. ನದಿ ಹರಿಯುವ ಕಡೆಗೆ ನಡೆದರೆ ಸೇಂಟ್ ಮಿಖಾಯೆಲ್ ಚರ್ಚು, ಸುತ್ತ ಕೋಟೆಗೋಡೆ. ಅದರ ಸೂರಿನ ಏಣಿನ ಮೇಲೆ ಸಾಲಾಗಿ ಏಳು ಪ್ರಾಣಿಗಳು, ಜನ ಮೊಲ ಅನ್ನುತ್ತಾರೆ. ಒಂದು ಚಳಿಗಾಲ ಎಷ್ಟು ಹಿಮ ಬಿತ್ತೆಂದರೆ ಮೊಲಗಳು ಸೂರಿನ ಮೇಲೇ ಓಡಾಡಿದವಂತೆ. ನದಿ ಬರುವ ಕಡೆಗೆ ನಡೆದರೆ ದೆವ್ವದ ಗೋಡೆ. ಬೆಟ್ಟದಿಂದ ನದಿಗೆ ಇಳಿದ ಬಂಡೆಯ ಸಾಲು, ರೈಲು ಅದನ್ನು ಕೊರೆದು ದಾಟುತ್ತದೆ. ಇನ್ನೂ ಮುಂದೆ ವಿಲೆಂಡೋರ್ಫ್. ಈ ರೈಲು ಹಳಿಯ ಕೆಲಸ ನಡೆದಾಗಲೇ, 1908ರಲ್ಲಿ, 11 ಸೆಂ.ಮೀ. ಎತ್ತರದ ಕಲ್ಲಿನ ಹೆಣ್ಣುಗೊಂಬೆ ಸಿಕ್ಕಿತು. ವಯಸ್ಸು 25,000 ವರ್ಷಕ್ಕೂ ಜಾಸ್ತಿ. ಕಲ್ಲು ಇಲ್ಲಿನದ್ದಲ್ಲ. ಉತ್ತರ ಇಟಲಿಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು ಅಂತ 2022ರಲ್ಲಿ ಸಂಶೋಧಕರು ಹೇಳಿದ್ದಾರೆ, ಅಂದರೆ ಯಾರೋ ಹೊತ್ತು ತಂದದ್ದು. ಮೂಲ ಗೊಂಬೆ ವಿಯೆನ್ನಾದ ನಿಸರ್ಗ ಚರಿತ್ರೆ ಮ್ಯೂಸಿಯಂನಲ್ಲಿದೆ, ಊರಲ್ಲಿರುವುದು ದೊಡ್ಡ ಪ್ರತಿಕೃತಿ. ಸುಮ್ನೆ ಪ್ರತಿಕೃತಿ ನೋಡೋಕೆ ಅಲ್ಲಿವರೆಗೆ ಹೋಗಬೇಕಾ ಅಂದರೆ, ನನ್ನ ಪ್ರಕಾರ ಹೋಗಬೇಕು. ಮೊದಲು ವಿಯೆನ್ನಾದಲ್ಲಿ ಗೊಂಬೆ ನೋಡಿ, ಆಮೇಲೆ ಅದು ಸಿಕ್ಕಿದ ಇಳಿಜಾರು ನೋಡಿ.

ಕಾಲು ಗಟ್ಟಿ ಇರುವವರಿಗೆ ಯೌವರ್ಲಿಂಗ್ ಇದೆ. 960 ಮೀಟರ್, ಶ್ಪಿಟ್ಸ್‌ನಿಂದ ಲೆಕ್ಕ ಹಾಕಿದರೆ 750 ಮೀಟರಿನಷ್ಟು ಏರು. ಅರ್ಧ ದಾರಿಗೆ ದ್ರಾಕ್ಷಿ ಮುಗಿದು ಕಾಡು, ಮೇಲೆ ಹುಲ್ಲುಗಾವಲು. ಜುಲೈ-ಆಗಸ್ಟ್‌ನಲ್ಲಾದರೆ ಬಿಸಿಲು ಏರುವ ಮೊದಲೇ ದ್ರಾಕ್ಷಿ ತೋಟ ದಾಟಿಬಿಡಿ, ಅಲ್ಲಿ ನೆರಳು ಅನ್ನೋದೇ ಇಲ್ಲ. ನೀರಿನ ಬಾಟಲಿಯನ್ನು ರೂಮಿನ ನಲ್ಲಿಯಲ್ಲೇ ತುಂಬಿಸಿಕೊಳ್ಳಿ, ಇಲ್ಲಿ ನಲ್ಲಿ ನೀರು ಕುಡಿಯಬಹುದು. ಜೂನ್ 21ರ ಆಸುಪಾಸಿಗೆ ಹೋಗುವುದಾದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಆ ವಾರಾಂತ್ಯ ಎರಡೂ ದಂಡೆಯ ಬೆಟ್ಟಗಳಲ್ಲಿ ಬೆಂಕಿ ಹಚ್ಚುವ ಹಬ್ಬ, ಅದನ್ನು ನೋಡೋಕೆ ವಿಯೆನ್ನಾದಿಂದ ಜನ ಹಡಗು ತುಂಬಿ ಬರುತ್ತಾರೆ.