ಟ್ರ್ಯಾಕಿಗೆ ಹೊರಟಿದ್ದೀರಾ? ಮೊದಲು ಬ್ರೇಕ್ ಆಯಿಲ್ ನೋಡಿ

1,700 ಕೆ.ಜಿ. ತೂಕದ ಕಾರು ಗಂಟೆಗೆ 200 ಕಿ.ಮೀ. ವೇಗದಲ್ಲಿ ಬಂದು ತಿರುವಿನ ಮುಂದೆ 80ಕ್ಕೆ ಇಳಿದರೆ, ಆ ಒಂದೇ ಬ್ರೇಕಿಗೆ ಹುಟ್ಟುವ ಶಾಖ ಸುಮಾರು ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿರುತ್ತದೆ. ಹೆದ್ದಾರಿಯಲ್ಲಿ ಇಂಥ ಬ್ರೇಕ್ ಹಾಕುವ ಪ್ರಸಂಗ ವರ್ಷಕ್ಕೊಮ್ಮೆಯೂ ಬರಲಿಕ್ಕಿಲ್ಲ. ರೇಸ್ ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಬರುತ್ತದೆ, ಅದೂ ಹಿಂದಿನ ಶಾಖ ಆರುವ ಮೊದಲೇ. ಹೊಸ ಕಾರು ಕೊಂಡವರು ಹಾರ್ಸ್‌ಪವರ್ ಲೆಕ್ಕದಲ್ಲಿ ಮುಳುಗಿರುತ್ತಾರೆ. ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಮೊದಲ 'ಟ್ರ್ಯಾಕ್ ದಿನ'ದಲ್ಲಿ ಕೈಕೊಡುವುದು ಎಂಜಿನ್ ಅಲ್ಲ, ಹೆಚ್ಚಾಗಿ ಬ್ರೇಕ್. ಅದು ಬಿಟ್ಟರೆ ಟೈರ್.

ಬೆಂಗಳೂರಿನ ಕಾರು ಮಾಲೀಕರು ಸಾಮಾನ್ಯವಾಗಿ ಹೋಗುವುದು ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈಗೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕ್ 3.7 ಕಿ.ಮೀ. ಉದ್ದ, 12 ತಿರುವು. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದಕ್ಕಿಂತ ಚಿಕ್ಕದು. 2011ರಿಂದ 2013ರವರೆಗೆ ಫಾರ್ಮುಲಾ 1 ನಡೆದ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ ದೊಡ್ಡದು, ಆದರೆ ಕಾರನ್ನು ಲಾರಿಯಲ್ಲಿ ಸಾಗಿಸಬೇಕಾದಷ್ಟು ದೂರ. ಇರುಂಗಾಟ್ಟುಕೋಟೈಗೆ ಕಾರು ಓಡಿಸಿಕೊಂಡೇ ಹೋಗಬಹುದು. ಅದೇ ಟೈರಿನಲ್ಲಿ, ಅದೇ ಬ್ರೇಕಿನಲ್ಲಿ 300 ಕಿ.ಮೀ. ವಾಪಸ್ಸೂ ಬರಬೇಕು ಎಂಬುದನ್ನು ನೆನಪಿಟ್ಟುಕೊಂಡೇ ತಯಾರಿ ಮಾಡಿ.

ರನ್ನಿಂಗ್-ಇನ್ ಮುಗಿಯಲಿ

ಷೋರೂಮಿನಿಂದ ಬಂದ ಕಾರನ್ನು ನೇರವಾಗಿ ಟ್ರ್ಯಾಕಿಗೆ ಇಳಿಸಬೇಡಿ. ಬಿಎಂಡಬ್ಲ್ಯು ಎಂ ಕಾರುಗಳಿಗೆ ಮೊದಲ 2,000 ಕಿ.ಮೀ.ವರೆಗೆ 5,500 ಆರ್‌ಪಿಎಂ ಮತ್ತು 170 ಕಿ.ಮೀ. ವೇಗದ ಮಿತಿ ಇದೆ. ಅದಾದ ಮೇಲೆ ಸರ್ವಿಸ್ ಮಾಡಿಸಬೇಕು. ಪೋರ್ಷೆ 911ಕ್ಕೆ 3,000 ಕಿ.ಮೀ. ನಿಮ್ಮ ಕಾರಿನ ಅಂಕಿ ಅದರ ಕೈಪಿಡಿಯಲ್ಲೇ ಇರುತ್ತದೆ. ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ, ಡಿಫರೆನ್ಷಿಯಲ್ಲಿನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲ ಇದು. ಆಗ ಸವೆದ ಸಣ್ಣ ಲೋಹದ ಪುಡಿ ಆಯಿಲ್‌ನಲ್ಲಿ ಸೇರಿಕೊಳ್ಳುತ್ತದೆ. ಅದನ್ನು ತೆಗೆಸದೆ ಎಂಜಿನನ್ನು ಆರ್‌ಪಿಎಂ ಮೀಟರಿನ ಕೆಂಪು ಗೆರೆಯವರೆಗೆ ಎಳೆಯಬಾರದು. ಹೊಸ ಟೈರಿನ ಮೇಲ್ಪದರ ಹಿಡಿತಕ್ಕೆ ಬರಲಿಕ್ಕೂ ಕೆಲವು ನೂರು ಕಿ.ಮೀ. ಬೇಕು.

ಇದೇ ಸಮಯದಲ್ಲಿ ಎರಡು ಕಾಗದ ಓದಿಬಿಡಿ. ನಮ್ಮಲ್ಲಿನ ಖಾಸಗಿ ಕಾರು ವಿಮೆಯ 'ಬಳಕೆಯ ಮಿತಿ' ಎಂಬ ಭಾಗದಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆ ಇವಕ್ಕೆ ರಕ್ಷಣೆ ಇಲ್ಲವೆಂದು ಬರೆದಿರುತ್ತದೆ. ಅಂದರೆ ಗೋಡೆಗೆ ಬಡಿದರೆ ಖರ್ಚು ನಿಮ್ಮದೇ ಎಂದುಕೊಂಡೇ ಹೊರಡಬೇಕು. ಎರಡನೆಯದು ವಾರಂಟಿ ಪುಸ್ತಕ. ಟ್ರ್ಯಾಕ್ ಬಳಕೆಯ ಬಗ್ಗೆ ಅದರಲ್ಲಿ ಏನು ಹೇಳಿದೆ ಎಂಬುದನ್ನು ಡೀಲರ್ ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲೇ ನೋಡಿ.

ಬ್ರೇಕ್: ಒಂದು ವಾರ ಮೊದಲು

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155. ಡಾಟ್ 5.1ಕ್ಕೆ ಇದು 260 ಮತ್ತು 180. ರೇಸಿಗೆಂದೇ ಮಾಡಿದ ಡಾಟ್ 4 ಆಯಿಲ್‌ಗಳು 300 ಡಿಗ್ರಿ ದಾಟುತ್ತವೆ. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಒಳಗೆ ಆಯಿಲ್ ಕುದಿದರೆ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದರೆ ಆವಿ ಕುಗ್ಗುತ್ತದೆ. ಹಾಗಾಗಿ ನೀವು ಒತ್ತಿದ ಒತ್ತಡ ಪ್ಯಾಡಿಗೆ ತಲುಪುವುದೇ ಇಲ್ಲ, ಪೆಡಲ್ ನೆಲ ಮುಟ್ಟುತ್ತದೆ.

ಆದ್ದರಿಂದ ಹೊರಡುವ ವಾರದಲ್ಲಿ ಹಳೆಯ ಆಯಿಲ್ ಪೂರ್ತಿ ತೆಗೆಸಿ, ಸೀಲ್ ಒಡೆಯದ ಡಬ್ಬಿಯಿಂದ ರೇಸ್ ದರ್ಜೆಯ ಡಾಟ್ 4 ತುಂಬಿಸಿ. ಒಂದು ಲೀಟರ್ ಸಾಕಾಗುತ್ತದೆ, ಎರಡು ಕೊಂಡಿಟ್ಟುಕೊಂಡರೆ ನಿಶ್ಚಿಂತೆ. ಕಾರು ಹೊಸದು, ಆಯಿಲೂ ಹೊಸದೇ ಎಂದು ಬಿಡಬೇಡಿ. ತಯಾರಾಗಿ, ಹಡಗಿನಲ್ಲಿ ಬಂದು, ಷೋರೂಮಿನಲ್ಲಿ ನಿಂತು ನಿಮ್ಮ ಕೈಸೇರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಹೆಸರು ಒಂದೇ ಥರ ಕೇಳಿಸಿದರೂ ಡಾಟ್ 5 ಬೇರೆಯೇ, ಅದು ಸಿಲಿಕೋನ್. ಅದನ್ನು ಇದಕ್ಕೆ ಬೆರೆಸಲೇಬಾರದು.

ಪ್ಯಾಡ್ ಎಷ್ಟು ಉಳಿದಿದೆ ಅಳೆಯಿರಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಬದಲಿಸಿ. ತೆಳುವಾದ ಪ್ಯಾಡ್ ಶಾಖವನ್ನು ತಡೆಯದೆ ನೇರ ಪಿಸ್ಟನ್‌ಗೂ, ಅಲ್ಲಿಂದ ಆಯಿಲ್‌ಗೂ ದಾಟಿಸುತ್ತದೆ. ಹೊಸ ಪ್ಯಾಡ್ ಹಾಕಿಸಿದರೆ ಅದನ್ನು ಡಿಸ್ಕಿಗೆ ಕೂರಿಸಬೇಕು. ಖಾಲಿ ರಸ್ತೆಯಲ್ಲಿ 100ರಿಂದ 30ಕ್ಕೆ, ಗಟ್ಟಿಯಾಗಿ ಆದರೆ ಎಬಿಎಸ್ ಕೆಲಸ ಶುರುಮಾಡದಷ್ಟು, ಎಂಟು ಹತ್ತು ಸಲ ಬ್ರೇಕ್ ಹಾಕಿ. ನಡುವೆ ಪೂರ್ತಿ ನಿಲ್ಲಬೇಡಿ. ಕೊನೆಗೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಿಸಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಕೊಂಡು ನಿಂತರೆ ಅಷ್ಟು ಜಾಗದಲ್ಲಿ ಪ್ಯಾಡಿನ ಅಂಶ ಮೆತ್ತಿಕೊಳ್ಳುತ್ತದೆ. ಆಮೇಲೆ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಎಷ್ಟೋ ಜನ ಡಿಸ್ಕ್ ಸೊಟ್ಟಗಾಗಿದೆ ಎಂದು ಬದಲಿಸಿಬಿಡುತ್ತಾರೆ, ಹಲವು ಸಲ ಕಾರಣ ಈ ಮೆತ್ತಿದ ಪದರವೇ.

ಡಿಕ್ಕಿಯಲ್ಲಿ ಏನಿರಬೇಕು

ಟೈರಿನ ಗಾಳಿಯ ಒತ್ತಡದಲ್ಲಿ 0.5 ಪಿಎಸ್‌ಐನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ ಗೇಜ್, 12 ವೋಲ್ಟಿನ ಗಾಳಿ ಪಂಪು, ಬೋಲ್ಟನ್ನು ಹೇಳಿದಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ ಮತ್ತು ನಿಮ್ಮ ಬೋಲ್ಟಿನ ಅಳತೆಯ ಸಾಕೆಟ್, ಕಾರಿಗೆ ಹೇಳಿದ ದರ್ಜೆಯದೇ ಒಂದು ಲೀಟರ್ ಎಂಜಿನ್ ಆಯಿಲ್, ಟಾರ್ಚ್, ಸೀಮೆಸುಣ್ಣ, ಚಕ್ರಕ್ಕೆ ಕೊಡಲು ಎರಡು ಮರದ ತುಂಡು, ಐದಾರು ಲೀಟರ್ ಕುಡಿಯುವ ನೀರು, ಓಆರ್‌ಎಸ್ ಪುಡಿ. ಕಾರನ್ನು ಎಳೆಯುವ ಕೊಕ್ಕೆಯನ್ನು ಮನೆಯಲ್ಲೇ ಒಮ್ಮೆ ತಿರುಗಿಸಿ ಕೂರಿಸಿ ನೋಡಿ. ಮರಳಲ್ಲಿ ಹೂತ ಮೇಲೆ ಅದನ್ನು ಹುಡುಕುವಂತಾಗಬಾರದು.

ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದೇ ಆಗಿರಲಿ. ಕಾರು ರೇಸಿಗೆಂದೇ ಇರುವ ಸ್ನೆಲ್ ಎಸ್‌ಎ ದರ್ಜೆಯವು ಬೆಂಕಿಯನ್ನೂ ತಡೆಯುತ್ತವೆ. ಯಾವುದು ನಡೆಯುತ್ತದೆ ಎಂದು ಆಯೋಜಕರನ್ನು ಮೊದಲೇ ಕೇಳಿ. ಹತ್ತಿಯ ತುಂಬುತೋಳಿನ ಬಟ್ಟೆ, ತೆಳು ತಳದ ಷೂ ಇರಲಿ. ದಪ್ಪ ಷೂ ಹಾಕಿದರೆ ಪೆಡಲ್ ಮೆತ್ತಗಾಗುತ್ತಿರುವುದು ಕಾಲಿಗೆ ಗೊತ್ತಾಗುವುದಿಲ್ಲ.

ಹಿಂದಿನ ದಿನವೇ ಹೋಗಿ ಉಳಿಯಿರಿ. ಬೆಳಗಿನ ಜಾವ ಎದ್ದು ಐದಾರು ಗಂಟೆ ಕಾರು ಓಡಿಸಿ ಅದೇ ದಣಿವಿನಲ್ಲಿ ಟ್ರ್ಯಾಕಿಗೆ ಇಳಿಯುವುದು ಬೇಡವೇ ಬೇಡ. ಪೆಟ್ರೋಲನ್ನು ಶ್ರೀಪೆರಂಬದೂರಿನಲ್ಲೇ ಪೂರ್ತಿ ತುಂಬಿಸಿಕೊಳ್ಳಿ. ಪೂರ್ತಿ ಎಳೆತದಲ್ಲಿ ಲೀಟರಿಗೆ ಎರಡು ಮೂರು ಕಿ.ಮೀ. ಬಂದರೆ ಹೆಚ್ಚು. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿದರೆ ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಎಂಜಿನ್ ತಡವರಿಸಬಹುದು.

ಟ್ರ್ಯಾಕಿನ ಬೆಳಗ್ಗೆ

ಕಾರಿನೊಳಗಿನ ಬಿಡಿ ವಸ್ತುವೆಲ್ಲ ಹೊರಗೆ ಬರಲಿ. ನೀರಿನ ಬಾಟಲಿ, ಚಾರ್ಜರ್, ದೇವರ ಪುಟ್ಟ ವಿಗ್ರಹ ಎಲ್ಲವೂ. ಚಾಲಕನ ಕಾಲಡಿಯ ಮ್ಯಾಟ್ ಮರೆಯಬೇಡಿ, ಅದು ಜಾರಿ ಪೆಡಲ್ ಅಡಿಗೆ ಸೇರಿಕೊಂಡರೆ ಗತಿ ಇಲ್ಲ. ಎಂಜಿನ್ ಆಯಿಲ್ ಮಟ್ಟ ನೋಡಿ. ವೀಲ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡಿ. ಬಿಎಂಡಬ್ಲ್ಯುಗಳಿಗೆ ಸಾಮಾನ್ಯವಾಗಿ 140 ನ್ಯೂಟನ್ ಮೀಟರ್, ಐದು ಬೋಲ್ಟಿನ ಪೋರ್ಷೆಗಳಿಗೆ 160.

ಸೀಟನ್ನು ದಿನನಿತ್ಯಕ್ಕಿಂತ ಹತ್ತಿರಕ್ಕೆ ಎಳೆದುಕೊಳ್ಳಿ. ಬೆನ್ನು ಸೀಟಿಗೆ ಅಂಟಿದ್ದಾಗ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಯಲ್ಲಿ ಕೂರಬೇಕು. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು.

ಮೊದಲು ಆಯೋಜಕರು ನಿಯಮ ಹೇಳಿಕೊಡುವ ಬ್ರೀಫಿಂಗ್ ತಪ್ಪಿಸಿಕೊಂಡವರನ್ನು ಟ್ರ್ಯಾಕಿಗೆ ಬಿಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ವೇಗ ಇಳಿಸಿ, ಯಾರನ್ನೂ ಹಿಂದೆ ಹಾಕಬೇಡಿ. ಕೆಂಪು ಕಂಡರೆ ಸೆಷನ್, ಅಂದರೆ ಟ್ರ್ಯಾಕಿನಲ್ಲಿ ಓಡಿಸುವ ಸರದಿ, ನಿಂತಿದೆ; ನಿಧಾನವಾಗಿ ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್‌ಗೆ ಬನ್ನಿ. ನೀಲಿ ಎಂದರೆ ಹಿಂದೆ ವೇಗದ ಕಾರಿದೆ. ಹಳದಿ-ಕೆಂಪು ಪಟ್ಟೆ ಎಂದರೆ ನೆಲ ಜಾರುತ್ತಿದೆ, ಯಾರದೋ ಕಾರಿನ ಆಯಿಲ್ ಚೆಲ್ಲಿರಬಹುದು. ಕಪ್ಪು ಬಾವುಟ ನಿಮಗೇ ತೋರಿಸಿದ್ದು, ಕೂಡಲೇ ಒಳಗೆ ಬನ್ನಿ.

ಮೊದಲ ಸೆಷನ್

'ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ' ಎಂಬ ಗಾದೆ ಇಲ್ಲಿ ತಪ್ಪದೆ ಅನ್ವಯಿಸುತ್ತದೆ. ಮೊದಲ ಸೆಷನ್ ಇರುವುದು ದಾರಿ ಕಲಿಯಲಿಕ್ಕೆ, ಕಾರಿನ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸಬೇಡಿ. ಕಾರು ಜಾರದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆ ಆನ್ ಇರಲಿ. ಅದರ ದೀಪ ಪದೇ ಪದೇ ಮಿನುಗಿದರೆ ನೀವು ಸ್ಟೀರಿಂಗನ್ನೋ ಆಕ್ಸಿಲರೇಟರನ್ನೋ ಒರಟಾಗಿ ಬಳಸುತ್ತಿದ್ದೀರಿ ಎಂದರ್ಥ. ಅದು ಕಾರನ್ನು ತಡೆಯುವುದು ಬ್ರೇಕ್ ಹಿಡಿದೇ. ಹಾಗಾಗಿ ಮಿನುಗಿದಷ್ಟೂ ಬ್ರೇಕ್ ಇನ್ನಷ್ಟು ಕಾಯುತ್ತದೆ.

ಒಂದು ಸುತ್ತು ನಿಧಾನವಾಗಿ ಬಿಸಿ ಮಾಡಿಕೊಳ್ಳಿ, ಮೂರು ನಾಲ್ಕು ಸುತ್ತು ವೇಗವಾಗಿ ಹೋಗಿ, ಒಂದು ಸುತ್ತು ಪೂರ್ತಿ ಆರಿಸಿ. ಬ್ರೇಕ್ ಅನ್ನು ಕಾರು ನೇರವಾಗಿರುವಾಗಲೇ ಗಟ್ಟಿಯಾಗಿ, ಕಡಿಮೆ ಹೊತ್ತು ಹಾಕಿ. ಭಯದಿಂದ ದೂರದಿಂದಲೇ ಮೆಲ್ಲಗೆ ಒತ್ತಿಕೊಂಡು ಬಂದರೆ ಬ್ರೇಕಿಗೆ ಆರಲು ಸಮಯವೇ ಸಿಗುವುದಿಲ್ಲ.

ಪೆಡಲ್ ಏನು ಹೇಳುತ್ತಿದೆ ಎಂದು ಗಮನಿಸಿ. ಗಟ್ಟಿಯಾಗಿದ್ದೂ ಕಾರು ನಿಲ್ಲುತ್ತಿಲ್ಲವಾದರೆ ಪ್ಯಾಡ್ ಅತಿಯಾಗಿ ಕಾದಿದೆ, ಒಂದೆರಡು ಸುತ್ತು ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೆತ್ತಗಾಗಿ ಆಳಕ್ಕೆ ಇಳಿಯುತ್ತಿದ್ದರೆ ಆಯಿಲ್ ಕುದಿದಿದೆ. ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಒಂದಷ್ಟು ಬ್ರೇಕ್ ಸಿಗುತ್ತದೆ, ಅದರಲ್ಲೇ ನಿಧಾನವಾಗಿ ಒಳಗೆ ಬನ್ನಿ. ಬ್ಲೀಡ್ ಮಾಡಿಸದೆ, ಅಂದರೆ ಬ್ರೇಕ್ ಕೊಳವೆಯಲ್ಲಿನ ಗುಳ್ಳೆ ಹೊರತೆಗೆಸದೆ, ಮತ್ತೆ ಇಳಿಯಬೇಡಿ.

ಎರಡು ಚಕ್ರ ಟಾರಿನಿಂದ ಹೊರಗೆ ಹೋದರೆ ಸ್ಟೀರಿಂಗನ್ನು ಗಕ್ಕನೆ ಒಳಕ್ಕೆ ತಿರುಗಿಸಬೇಡಿ. ನೇರ ಹಿಡಿದು, ಆಕ್ಸಿಲರೇಟರ್ ಸಡಿಲಿಸಿ, ವೇಗ ಇಳಿದ ಮೇಲೆ ಹಿಂದೆ ನೋಡಿ ಒಳಗೆ ಬನ್ನಿ. ಕಾರು ಗಿರಕಿ ಹೊಡೆದೇಬಿಟ್ಟರೆ ಬ್ರೇಕ್ ಪೂರ್ತಿ ಒತ್ತಿ ಹಿಡಿಯಿರಿ, ಕ್ಲಚ್ ಇದ್ದರೆ ಅದನ್ನೂ.

ಪಿಟ್‌ಗೆ ಬಂದ ಕೂಡಲೇ

ಹ್ಯಾಂಡ್‌ಬ್ರೇಕ್ ಎಳೆಯಬೇಡಿ. 'ಪಿ'ಗೆ ಹಾಕಿದೊಡನೆ ತಾನೇ ಹ್ಯಾಂಡ್‌ಬ್ರೇಕ್ ಹಿಡಿಯುವ ಕಾರಾದರೆ ಅದನ್ನು ತಪ್ಪಿಸುವ ಕ್ರಮವನ್ನು ಮನೆಯಲ್ಲೇ ಕಲಿತಿರಿ. ಚಕ್ರಕ್ಕೆ ಮರದ ತುಂಡು ಕೊಡಿ. ಎಂಜಿನ್ ಒಂದೆರಡು ನಿಮಿಷ ಓಡುತ್ತಿರಲಿ, ಬಾನೆಟ್ ತೆರೆದಿರಲಿ.

ಮರುಕ್ಷಣವೇ ಗೇಜ್ ಹಿಡಿಯಿರಿ, ಐದು ನಿಮಿಷ ತಡವಾದರೂ ಅಂಕಿ ಇಳಿದಿರುತ್ತದೆ. ಬಾಗಿಲ ಬಳಿಯ ಚೀಟಿಯಲ್ಲಿ ಹೇಳಿದ ತಣ್ಣನೆಯ ಒತ್ತಡದಲ್ಲಿ ಹೊರಟಿದ್ದರೆ ಈಗ ಅದಕ್ಕಿಂತ ಆರೇಳು ಪಿಎಸ್‌ಐ ಏರಿರುತ್ತದೆ. ಟೈರ್ ಉಬ್ಬಿ ನಡುಭಾಗ ಮಾತ್ರ ನೆಲ ಮುಟ್ಟಿ ಹಿಡಿತ ಹೋಗಿರುತ್ತದೆ. ಕೈಪಿಡಿಯಲ್ಲಿ ಟ್ರ್ಯಾಕಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಚೀಟಿಯ ಅಂಕಿಗಿಂತ ಎರಡು ಮೂರು ಹೆಚ್ಚು ಉಳಿಯುವಷ್ಟು ಗಾಳಿ ಬಿಡಿ. ಉದಾಹರಣೆಗೆ 33 ಇದ್ದದ್ದು 40 ಆಗಿದ್ದರೆ 36ಕ್ಕೆ ಇಳಿಸಿ.

ಸರಿಯಾಗಿದೆಯೇ ಎಂದು ನೋಡಲು ಸೀಮೆಸುಣ್ಣ ಇದೆಯಲ್ಲ. ಟೈರಿನ ಅಂಚಿನಿಂದ ಪಕ್ಕದ ಗೋಡೆಯ ಮೇಲೆ ಇಳಿಯುವಂತೆ ಮೂರು ಕಡೆ ಗೆರೆ ಎಳೆಯಿರಿ. ಮುಂದಿನ ಸೆಷನ್ ಮುಗಿದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆ ನೋಡಿ. ಅನೇಕ ಟೈರುಗಳ ಅಂಚಿನಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅಳಿಸಿದ್ದು ಆ ತ್ರಿಕೋನದ ತುದಿಗೆ ಬಂದು ನಿಂತಿದ್ದರೆ ಒತ್ತಡ ಹದವಾಗಿದೆ. ದಾಟಿ ಗೋಡೆಗೆ ಇಳಿದಿದ್ದರೆ ಗಾಳಿ ಕಡಿಮೆ, ಟೈರ್ ಮಡಚಿಕೊಳ್ಳುತ್ತಿದೆ. ಅಲ್ಲಿಗೆ ಮುಟ್ಟಿಯೇ ಇಲ್ಲವಾದರೆ ಇನ್ನೂ ಹೆಚ್ಚಿದೆ. ಬಲ ತಿರುವು ಹೆಚ್ಚಿರುವ ಟ್ರ್ಯಾಕಿನಲ್ಲಿ ಎಡಗಡೆಯ ಟೈರುಗಳೇ ಹೆಚ್ಚು ಕಾಯುವುದು ಸಹಜ, ಎರಡೂ ಬದಿಯನ್ನು ಬೇರೆ ಬೇರೆಯಾಗಿ ಅಳೆಯಿರಿ.

ಚಕ್ರ ಆರಿದ ಮೇಲೆ ಬೋಲ್ಟುಗಳಿಗೆ ಮತ್ತೊಮ್ಮೆ ರೆಂಚ್ ಹಾಕಿ. ಟಾರ್ಚ್ ಬೆಳಕಿನಲ್ಲಿ ಪ್ಯಾಡ್ ನೋಡಿ. ನೀರು ಕುಡಿಯಿರಿ, ಚೆನ್ನೈ ಸೆಕೆಯಲ್ಲಿ ಹೆಲ್ಮೆಟ್ ಹಾಕಿದ ಇಪ್ಪತ್ತು ನಿಮಿಷ ಮೈಯ ನೀರನ್ನು ಹಿಂಡಿಬಿಡುತ್ತದೆ. ತಿರುವು ತಪ್ಪುತ್ತಿದೆ, ಬ್ರೇಕ್ ತಡವಾಗುತ್ತಿದೆ ಎನಿಸಿದರೆ ಸೆಷನ್ ಉಳಿದಿದ್ದರೂ ಅಲ್ಲಿಗೇ ನಿಲ್ಲಿಸಿ. ಕಟ್ಟಿದ ಹಣ ಹೋಗುತ್ತದೆಂದು ಕೊನೆಯ ಸೆಷನ್‌ಗೆ ಇಳಿಯುವುದು ಅಪಾಯ.

ಊರಿಗೆ ಹೊರಡುವಾಗ

ಬಿಸಿಯಿದ್ದಾಗ ಬಿಟ್ಟ ಗಾಳಿಯನ್ನು ಮತ್ತೆ ತುಂಬಿಸಬೇಕು. ಟೈರ್ ಆರಿದರೆ ಆ 36 ಎಂಬುದು 30ಕ್ಕೂ ಕೆಳಗಿರುತ್ತದೆ, ಹಾಗೆಯೇ ಹೆದ್ದಾರಿ ಹಿಡಿದರೆ ಟೈರ್ ಸಿಡಿಯುವ ಸಂಭವವಿದೆ. ಒಂದು ಗಂಟೆ ಆರಲು ಬಿಟ್ಟು ಚೀಟಿಯ ಅಂಕಿಗೆ ತನ್ನಿ. ಟೈರಿನ ಒಳ ಅಂಚಿನಲ್ಲಿ ರಬ್ಬರ್ ಸವೆದು ನೂಲು ಹೊರಬಂದಿದೆಯೇ ಎಂದು ಕೈಯಾಡಿಸಿ ನೋಡಿ, ಹೊರಗಿನಿಂದ ಅದು ಕಾಣುವುದಿಲ್ಲ. ಪಿಟ್ ಹಿಂದಿನ ಕಾರು ನಿಲ್ಲಿಸುವ ಪ್ಯಾಡಾಕ್ ಒಳಗೇ ನಿಧಾನವಾಗಿ ಹೋಗುತ್ತಾ ನಾಲ್ಕೈದು ಬಾರಿ ಬ್ರೇಕ್ ಒತ್ತಿ. ಪೆಡಲ್ ಬೆಳಗ್ಗೆ ಇದ್ದ ಎತ್ತರದಲ್ಲೇ ಗಟ್ಟಿಯಾಗಿ ನಿಂತರೆ ಹೊರಡಿ. ಒಂದು ಬೆರಳಷ್ಟು ಕೆಳಗಿಳಿಯುತ್ತಿದ್ದರೂ ಕಾರನ್ನು ಫ್ಲ್ಯಾಟ್‌ಬೆಡ್ ಲಾರಿಗೆ ಹತ್ತಿಸಿ, ನೀವು ಬಸ್ಸಿನಲ್ಲಿ ಬನ್ನಿ.