ನಮ್ಮ ಸಭೆಯ ಹಳೆಯ ಸಾಲ: ಖಜಾಂಚಿಯಾಗಿ ನನ್ನ ಅನುಭವ

ಸಿಂಧನೂರು ತಾಲ್ಲೂಕಿನ ನಮ್ಮ ಕ್ರೈಸ್ತ ಸಭೆಗೆ 2019ರ ಮೇ ತಿಂಗಳಲ್ಲಿ ನನ್ನನ್ನು ಖಜಾಂಚಿಯಾಗಿ ಆರಿಸಿದಾಗ, ಇಪ್ಪತ್ತೆಂಟು ವರ್ಷ ಸಹಕಾರ ಸಂಘದಲ್ಲಿ ಸಾಲ ಕೊಟ್ಟು ವಸೂಲಿ ಮಾಡಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಸಭೆಗೆ ಸಾಲವಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಷ್ಟಿದೆ ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. 2011ರಲ್ಲಿ ತಗಡಿನ ಪ್ರಾರ್ಥನಾ ಮಂದಿರವನ್ನು ಇಳಿಸಿ ಆರ್‌ಸಿಸಿ ಕಟ್ಟಡ ಕಟ್ಟಲು ಹೊರಟವರು, ಗೋಪುರದ ಆಸೆಗೆ ಬಿದ್ದು, ಕೈಯಲ್ಲಿದ್ದ ಹಣ ಲಿಂಟಲ್ ಮಟ್ಟಕ್ಕೇ ಮುಗಿದಾಗ ಸಿಕ್ಕಲ್ಲಿ ಸಾಲ ಎತ್ತಿದ್ದರು. ನಮ್ಮಂಥ ಹಳೆಯ ಮಿಷನ್ ಸಭೆಗಳಲ್ಲಿ ಜಾಗದ ಪತ್ರ ಊರಿನ ಸಭೆಯ ಹೆಸರಿನಲ್ಲಿರದೆ ಮೇಲಿನ ಟ್ರಸ್ಟಿನ ಹೆಸರಿನಲ್ಲಿರುವುದರಿಂದ ಬ್ಯಾಂಕಿಗೆ ಅಡವಿಡಲು ಬರುವುದಿಲ್ಲ. ಹೀಗಾಗಿ ನಾಲ್ವರು ಹಿರಿಯರು ತಮ್ಮ ತಮ್ಮ ಹೆಸರಿನಲ್ಲಿಯೇ ಪ್ರಾಮಿಸರಿ ನೋಟಿಗೆ, ಅಂದರೆ ಸಾಲ ತೀರಿಸುತ್ತೇವೆಂದು ಬರೆದುಕೊಡುವ ಪತ್ರಕ್ಕೆ, ಸಹಿ ಹಾಕಿದ್ದರು. ನಾನು ಅಧಿಕಾರ ವಹಿಸಿಕೊಳ್ಳುವ ಹೊತ್ತಿಗೆ ಅವರಲ್ಲಿ ಇಬ್ಬರು ತೀರಿಕೊಂಡಿದ್ದರು.

ಮೊದಲ ಎರಡು ತಿಂಗಳು ಲೆಕ್ಕ ಹುಡುಕುವುದರಲ್ಲಿಯೇ ಹೋದವು. ಮೂವರು ಖಜಾಂಚಿಗಳ ಮೂರು ನೋಟ್‌ಬುಕ್ಕುಗಳಲ್ಲಿ ಒಂದು, ಬೀಜದ ಭತ್ತದ ಚೀಲದ ಕೆಳಗಿನ ಟ್ರಂಕಿನಲ್ಲಿ ಸಿಕ್ಕಿತು. ಅದರಲ್ಲಿ ಪುಟದ ಮೇಲೆ ಪುಟ "ಸಾಹುಕಾರರಿಗೆ 6,000" ಎಂದಷ್ಟೇ ಬರೆದಿತ್ತು. ಅಸಲೋ ಬಡ್ಡಿಯೋ ಎಂಬ ಪ್ರಶ್ನೆ ಬರೆದವರಿಗೂ ಬಂದಿರಲಿಲ್ಲ. ಅದು ಪೂರಾ ಬಡ್ಡಿಯಾಗಿತ್ತು. ಸಾಹುಕಾರರ ಅಸಲು 3,00,000, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ವರ್ಷಕ್ಕೆ 72,000. ಎಂಟು ವರ್ಷಗಳಲ್ಲಿ 5,76,000 ಕೊಟ್ಟರೂ ಅಸಲು ಕೂದಲಿನಷ್ಟೂ ಕರಗಿರಲಿಲ್ಲ. ನಮ್ಮದೇ ಸಭೆಯ ಒಬ್ಬ ಹಿರಿಯರಿಂದ ನೂರಕ್ಕೆ ಒಂದರಂತೆ ತಂದದ್ದು 1,50,000. ಸಿಮೆಂಟು, ಕಬ್ಬಿಣದ ಅಂಗಡಿಯ ಬಾಕಿ 84,000. ಗೌಂಡಿ ಮೇಸ್ತ್ರಿಯ ಬಾಕಿ 46,000. ಒಟ್ಟು 5,80,000. ಭಾನುವಾರದ ಕಾಣಿಕೆ ಎರಡೂವರೆ ಸಾವಿರ ದಾಟದ ಸಭೆ ತಿಂಗಳಿಗೆ 7,500 ರೂಪಾಯಿ ಬಡ್ಡಿಯನ್ನೇ ಕಟ್ಟುತ್ತಿತ್ತು.

ಈ ಅಂಕಿಯನ್ನು ಎಲ್ಲರ ಮುಂದೆ ಓದಬೇಕೆಂದಾಗ ಕಮಿಟಿಯಲ್ಲಿ ವಿರೋಧ ಬಂತು. ಜನ ಎದೆಗುಂದುತ್ತಾರೆ, ಬೇರೆ ಸಭೆಯವರು ನಗುತ್ತಾರೆ ಎಂದರು. ಸಭಾಪಾಲಕರು ನನ್ನ ಪರವಾಗಿ ನಿಂತದ್ದರಿಂದ ಆಗಸ್ಟ್ ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ನಾಲ್ಕು ಬಾಕಿಗಳನ್ನೂ ಓದಿದೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದಷ್ಟೇ ಇತ್ತು. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, "ಎಂಟು ವರ್ಷದಿಂದ ಹಾಕಿದ ಕಾಣಿಕಿ ಬಡ್ಡಿಗೇ ಹೋತೇನ್ರೀ?" ಎಂದು ಕೇಳಿದರು. ಹೌದು ಎನ್ನದೆ ನನಗೆ ಬೇರೆ ದಾರಿಯಿರಲಿಲ್ಲ.

ಯಾವ ಸಾಲ ಮೊದಲು ತೀರಿಸಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ನನ್ನ ವೃತ್ತಿಯ ಲೆಕ್ಕದಂತೆ ಹೆಚ್ಚು ಬಡ್ಡಿಯದ್ದು ಮೊದಲು. ಕಾನೂನು ಓದಿದ ಯುವಕನೊಬ್ಬ ಇನ್ನೂ ಮುಂದೆ ಹೋಗಿ, 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ ಮೂರು ವರ್ಷದೊಳಗೆ ದಾವೆ ಹೂಡಬೇಕು, ಅಂಗಡಿಯವರದ್ದೂ ಮೇಸ್ತ್ರಿಯದ್ದೂ ಅವಧಿ ಮೀರಿದೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದ. ಅವನ ಮಾತು ಸರಿಯಾಗಿಯೇ ಇತ್ತು. ಸಾಹುಕಾರರು ಮೂರು ವರ್ಷ ತುಂಬುವ ಮೊದಲೇ ಹಿರಿಯರಿಂದ ಹೊಸ ನೋಟು ಬರೆಸಿಕೊಳ್ಳುತ್ತಿದ್ದುದೂ ಅದೇ ಕಾರಣಕ್ಕೆ. ಆದರೆ ಕೂಲಿಯವನ ಕೂಲಿಯನ್ನು ಬೆಳಗಿನ ತನಕವೂ ಇಟ್ಟುಕೊಳ್ಳಬಾರದೆಂದು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ಹೇಳುವಾಗ, ಎಂಟು ವರ್ಷ ಇಟ್ಟುಕೊಂಡ ನಾವು ಕಾಲಮಿತಿಯ ನೆಪ ಹೇಳುವುದು ಹೇಗೆ? ಅಷ್ಟಕ್ಕೂ ಮೇಸ್ತ್ರಿಯ ಸಾಲ ಹಳೆಯದಾದದ್ದು ಅದಕ್ಕೆ ಬಡ್ಡಿ ಇರಲಿಲ್ಲವೆಂಬ ಕಾರಣಕ್ಕೇ. ಕೇಳುವವರಿಗೆ ಮೊದಲು ಕೊಟ್ಟು ಕೇಳದವರನ್ನು ಕಾಯಿಸುವುದು ನಮ್ಮ ಸಹಕಾರ ಸಂಘದಲ್ಲಿಯೂ ನಾನು ಕಂಡ ರೂಢಿ. ನನ್ನ ಲೆಕ್ಕವನ್ನು ಬದಿಗಿಟ್ಟು ಮೇಸ್ತ್ರಿಗೆ ಮೊದಲು ಎಂದು ತೀರ್ಮಾನಿಸಿದೆವು.

ಕರೆಸಿದಾಗ ಅವರು ಬೆವರಿನಿಂದ ಮೆತ್ತಗಾದ ಜೇಬಿನ ಪುಸ್ತಕ ತೆಗೆದು ತಮ್ಮ ಬಾಕಿ 52,000 ಎಂದರು. ಆರು ಸಾವಿರದ ವ್ಯತ್ಯಾಸ ಪಕ್ಕದ ಬಾಗಿಲಿನ ಮೆಟ್ಟಿಲುಗಳದ್ದು. ಕಟ್ಟಡ ಮುಗಿದ ಮೇಲೆ ಬಾಯಿಮಾತಿನಲ್ಲಿ ಮಾಡಿಸಿದ್ದು. ಇಬ್ಬರೂ ಟೇಪು ಹಿಡಿದು ಮೆಟ್ಟಿಲು ಅಳೆದು, ಆಗಿನ ದರ ಹಾಕಿ ನೋಡಿದೆವು. ಅವರ ಲೆಕ್ಕವೇ ಸರಿ. ಒಟ್ಟು ಸಾಲ 5,86,000 ಆಯಿತು.

ಹಣ ಕೂಡಿಸಲು ದಶಮಾಂಶವನ್ನು, ಅಂದರೆ ಜನ ತಮ್ಮ ಗಳಿಕೆಯ ಹತ್ತರಲ್ಲೊಂದು ಪಾಲೆಂದು ಸಭೆಗೆ ಕೊಡುವ ಕಾಣಿಕೆಯನ್ನು, ಮುಟ್ಟಲಿಲ್ಲ. ಅದು ಸಭಾಪಾಲಕರ ಸಂಬಳಕ್ಕೂ ನಿತ್ಯದ ಖರ್ಚಿಗೂ ಬೇಕಿತ್ತು. ಅವರು ಅರ್ಧ ಸಂಬಳ ಬಿಡುತ್ತೇನೆಂದಾಗ ಕಮಿಟಿ ಒಪ್ಪಲಿಲ್ಲ. ಕೂಲಿಯವರು ತಿಂಗಳಿಗೆ ಒಂದು ದಿನದ ಕೂಲಿ, ಗದ್ದೆಯಿದ್ದವರು ಬೆಳೆ ಬಂದಾಗ 75 ಕಿಲೋದ ಒಂದು ಚೀಲ ಸೋನಾ ಮಸೂರಿ ಭತ್ತ, ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಫೋನ್‌ಪೇ ಮೂಲಕ ತಮ್ಮಿಂದಾದಷ್ಟು, ಹೆಂಗಸರ ಸಂಘದವರು ಒಲೆ ಹೊತ್ತಿಸುವಾಗ ತೆಗೆದಿಡುವ ಹಿಡಿ ಅಕ್ಕಿ ಎಂದು ಗೊತ್ತು ಮಾಡಿದೆವು. ಸುಗ್ಗಿ ಹಬ್ಬದ ಹರಾಜಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ನಡೆದುಕೊಂಡೆ. ಹಬ್ಬದ ಹುರುಪಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ಕೂಗಿ, ಕಾಯಿ ಮನೆಗೆ ಒಯ್ದು, ಹಣ ಮುಂದಿನ ವರ್ಷಕ್ಕೆ ತಳ್ಳುವುದು ನಮ್ಮಲ್ಲಿ ಹಳೆಯ ಚಾಳಿ; ಹಿಂದಿನ ಎರಡು ಹಬ್ಬಗಳಿಂದ ಸಭೆಗೆ ಬರಬೇಕಾದದ್ದೇ 18,000 ಇತ್ತು. ಮೇಜಿನ ಮೇಲೆ ಹಣ ಇಟ್ಟವರಿಗೇ ಕಾಯಿ ಎಂದು ಹೇಳಿದೆ. ಕೂಗು ಇಳಿಯಿತು, ವಸೂಲಿ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ಮೇಸ್ತ್ರಿಯ ಹಣ ಪೂರ್ತಿ ಸಂದಿತು.

ಅದೇ ತಿಂಗಳು ಸಾಹುಕಾರರಲ್ಲಿಗೆ ಹೋಗಿ ಎಂಟು ವರ್ಷದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಮುಂದಿಟ್ಟೆ. ಬಡ್ಡಿ ಬಿಡಿ ಎಂದು ಬೇಡಲಿಲ್ಲ. ಆರು ತಿಂಗಳಿಗೊಮ್ಮೆ ಅಸಲಿಗೆ 50,000 ಕಟ್ಟುತ್ತೇವೆ, ನೂರಕ್ಕೆ ಒಂದು ಮಾಡಿ ಎಂದೆ. ಎರಡು ದಿನ ಯೋಚಿಸಿ ಒಪ್ಪಿದರು. ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ತೀರಿಸಲು ಆದಾಯ ತೆರಿಗೆ ಕಾಯ್ದೆ ಬಿಡುವುದಿಲ್ಲವಾದ್ದರಿಂದ ಚೆಕ್ಕಿನಲ್ಲಿಯೇ ಕೊಡುತ್ತೇವೆಂಬುದಕ್ಕೆ ಮಾತ್ರ ಮುಖ ಗಂಟಿಕ್ಕಿದರು. ಮೊದಲ ಕಂತಿನ ಹೊತ್ತಿಗೆ ಲಾಕ್‌ಡೌನ್ ಬಂದು ಮಂದಿರಕ್ಕೇ ಬೀಗ ಬಿತ್ತು. ಆ ಅರ್ಧ ವರ್ಷ ಅಸಲಿಗೆ ಏನೂ ಕಟ್ಟಲಾಗದೆ 18,000 ಬಡ್ಡಿಯನ್ನಷ್ಟೇ ಕೊಟ್ಟೆವು. ಮುಂದೆ ಪ್ರತಿ ಕಂತಿಗೂ ಬಡ್ಡಿ ಮೂರು ಸಾವಿರ ಇಳಿಯುತ್ತ, 2023ರ ಜೂನ್‌ನಲ್ಲಿ ಕೊನೆಯ 50,000ದ ಜೊತೆಗೆ ಕೊಟ್ಟದ್ದು 3,000. ಮೂರೂವರೆ ವರ್ಷಕ್ಕೆ ಒಟ್ಟು ಬಡ್ಡಿ 81,000. ಹಳೆಯ ದರದಲ್ಲಿ ಅದು 2,52,000 ಆಗುತ್ತಿತ್ತು, ಅಸಲು ಹಾಗೆಯೇ ನಿಂತಿರುತ್ತಿತ್ತು. ನೋಟನ್ನು ಹಿಂದಕ್ಕೆ ಪಡೆದು, ತೀರಿಕೊಂಡ ಇಬ್ಬರು ಹಿರಿಯರ ಮನೆಗೆ ಒಯ್ದು ತೋರಿಸಿ, ಮನೆಯವರೆದುರಿಗೇ ಹರಿದೆ. ಅಂಗಡಿಯ ಬಾಕಿ ಅಷ್ಟರೊಳಗೆ ಸಣ್ಣ ಸಣ್ಣ ಕಂತುಗಳಲ್ಲಿ ಮುಗಿದಿತ್ತು.

ನನ್ನಿಂದ ಒಂದು ದೊಡ್ಡ ತಪ್ಪೂ ಆಯಿತು. 2020ರ ಜನವರಿಯಲ್ಲಿ, ಒಪ್ಪಿಕೊಂಡು ಕೊಡದವರ ಹೆಸರುಗಳನ್ನು ಆರಾಧನೆಯ ಕೊನೆಗೆ ಓದಿಬಿಟ್ಟೆ. ಸಹಕಾರ ಸಂಘದ ಸುಸ್ತಿದಾರರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದ ಕೈ ಇದು. ಮೂರು ಕುಟುಂಬಗಳು ಬರುವುದನ್ನು ನಿಲ್ಲಿಸಿದವು. ಮನೆಗೆ ಹೋಗಿ ಕ್ಷಮೆ ಕೇಳಿದ ಮೇಲೆ ಎರಡು ಮರಳಿ ಬಂದವು, ಒಂದು ಇವತ್ತಿಗೂ ಬಂದಿಲ್ಲ. ಅಂದಿನಿಂದ ತಿಂಗಳ ಮೊದಲ ಭಾನುವಾರ ಬಂದ ಮೊತ್ತವನ್ನೂ ಉಳಿದ ಸಾಲವನ್ನೂ ಮಾತ್ರ ಓದುತ್ತೇನೆ.

ಉಳಿದದ್ದು ನಮ್ಮ ಹಿರಿಯರ 1,50,000. ತಮ್ಮ ತಂದೆಯ ಹೆಸರಿನ ಕಲ್ಲು ಹಾಕಿಸಿದರೆ ಸಾಲ ಬಿಟ್ಟುಬಿಡುತ್ತೇನೆಂದು ಅವರು ಹೇಳಿದಾಗ ಕಮಿಟಿಯ ಅರ್ಧದಷ್ಟು ಜನ ತಲೆಯಾಡಿಸಿದರು. ನಾನು ಒಪ್ಪಲಿಲ್ಲ, ಒಂದು ದಿನದ ಕೂಲಿ ಕೊಟ್ಟವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಕಂತಿನಲ್ಲಿಯೇ ತೀರಿಸುತ್ತಿದ್ದೇವೆ. 2023ರಲ್ಲಿ ಮಳೆ ಕೈಕೊಟ್ಟು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಸಿಗದೆ ಭತ್ತದ ಚೀಲಗಳು ಬರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಆ ವರ್ಷವೂ ಹೋಯಿತೆಂದು ಹೆದರಿ ಕೆಲವರು ಮೊದಲೇ ಕೈ ಬಿಗಿ ಹಿಡಿದರು. ಕಳೆದ ಭಾನುವಾರ ಓದಿದ ಬಾಕಿ 35,000. ಕಾಂಪೌಂಡ್ ಗೋಡೆಗೆ ಸಾಲ ಎತ್ತೋಣವೆಂದು ಯೌವನಸ್ಥರ ಸಂಘದವರು ಬರೆದುಕೊಟ್ಟ ಅರ್ಜಿ, ಆ ಮೊತ್ತ ಸೊನ್ನೆಯಾಗುವ ತನಕ ನನ್ನ ಫೈಲಿನಲ್ಲಿಯೇ ಇರುತ್ತದೆ.