ಸೊಪ್ಪಿನಬೆಟ್ಟಕ್ಕೆ ಬೆಂಕಿ ಬೀಳೋ ಮೊದ್ಲು ಫೈರ್ ಲೈನ್ ಮಾಡ್ಕೊಳ್ಳೋದು ಹೇಗೆ

ತೀರ್ಥಹಳ್ಳಿ, ಹೊಸನಗರ ಕಡೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಇರೋರು ಜನವರಿ ಒಳಗೇ ಫೈರ್ ಲೈನ್, ಅಂದ್ರೆ ಬೆಂಕಿ ದಾಟದಂಗೆ ಗುಡಿಸಿದ ಖಾಲಿ ಪಟ್ಟಿ, ಮಾಡ್ಕೊಳ್ಳಿ, ಯಾಕಂದ್ರೆ ಭೂಮಿ ಬಿಸಿಯಾಗ್ತಾ ಇದೆ, ಗಾಳಿ 1 ಡಿಗ್ರಿ ಬಿಸಿಯಾದ್ರೆ ಸುಮಾರು 7% ಜಾಸ್ತಿ ನೀರಾವಿ ಹಿಡಿಯುತ್ತೆ, ಮಳೆ ಇಲ್ದಾಗ ಆ ನೀರನ್ನ ಮಣ್ಣು, ದರಕಿಂದ್ಲೇ (ಉದುರಿದ ಒಣ ಎಲೆ) ಎಳ್ಕೊಳ್ಳೋದು. ಒಂದ್ ಮುಷ್ಟಿ ದರಕು ಹಿಂಡಿ ನೋಡಿ, ಬಗ್ಗದೆ ಪಟಪಟ ಪುಡಿಯಾದ್ರೆ ಬೀಡಿ ಕಿಡಿ ಸಾಕು. ಅಂಚಿನಗುಂಟ ಮೂರ್ನಾಲ್ಕು ಮೀಟರ್ ಅಗಲಕ್ಕೆ ಮಣ್ಣು ಕಾಣೋವರೆಗೂ ಗುಡಿಸಿ, ಲಂಟಾನ ಬುಡಸಮೇತ ಕೀಳಿ. ದರಕು ಸುಡ್ಬೇಡಿ, ಕೊಟ್ಟಿಗೆಗೆ ಹಾಕಿದ್ರೆ ಒಳ್ಳೆ ಗೊಬ್ಬರ. ಎಲೆ ಮತ್ತೆ ಉದುರುತ್ತೆ, ವಾರಕ್ಕೊಮ್ಮೆ ಗುಡಿಸ್ಲೇಬೇಕು, ಎಲ್ರೂ ಮರೆಯೋದು ಇದನ್ನೇ. ಬೆಂಕಿ ಬಿದ್ರೆ ಗುಡ್ಡ ಹತ್ತೋ ಕಡೆಗೇ ಅದ್ರ ಓಟ ಜೋರು, ಮೇಲ್ಗಡೆ ನಿಲ್ಬೇಡಿ, 101ಕ್ಕೆ ಫೋನ್ ಮಾಡಿ, ಪಕ್ಕದ ಬೆಟ್ಟದೋರಿಗೂ ಕೂಗಿ ಹೇಳಿ.